ಹೆಣ್ಣುಕೈ

ಠಾಣೆಯಲ್ಲಿ ಅವಳನ್ನು ‘ಹೆಣ್ಣುಕೈ’ ಅನ್ನುತ್ತಿದ್ದರು. “ಒಂದು ಹೆಣ್ಣುಕೈ ಬೇಕಂತೆ, ಕಳಿಸಿ” ಎಂದು ವೈರ್‌ಲೆಸ್ಸಿನಲ್ಲಿ ಮಾತು ಬರುತ್ತಿತ್ತು. ಒಂದು ಏಣಿ ಬೇಕು, ಒಂದು ಹಗ್ಗ ಬೇಕು ಅಂದ ಹಾಗೆ.

ಹೆಣ್ಣಿನ ಮೈಯನ್ನು ಗಂಡು ಪೊಲೀಸು ಮುಟ್ಟುವಂತಿಲ್ಲ. ಅದು ಕಾನೂನು. ಸಂಬಳದ ಹೆಣ್ಣು ಪೊಲೀಸರನ್ನು ಆ ಠಾಣೆಗೆ ಕೊಟ್ಟಿರಲಿಲ್ಲ. ಅದಕ್ಕೇ ಸ್ವಯಂಸೇವಕಿಯರು. ಹೊಟ್ಟೆಪಾಡಿನ ಕೆಲಸ ಮುಗಿಸಿಕೊಂಡು ಸಂಜೆ ಬರಬೇಕು, ವಾರದ ರಜೆಯ ದಿನ ಪೂರ್ತಿ ಬರಬೇಕು. ಸೇವೆ ಅಂದ ಮೇಲೆ ಕೂಲಿಯ ಮಾತಿಲ್ಲ.

ಅವಳು ಕುಡಿದು ಬಿದ್ದ ಹೆಂಗಸರನ್ನು ಎತ್ತಿದ್ದಳು. ನದಿಯಿಂದ ಎಳೆದು ಹಾಕಿದ ಹೆಣದ ಮೇಲೆ ಬಟ್ಟೆ ಸರಿಮಾಡಿದ್ದಳು. ಲಾಕಪ್ಪಿನಲ್ಲಿ ಹೆರಿಗೆ ನೋವು ಬಂದವಳ ಸೊಂಟ ಹಿಡಿದು ಗಾಡಿ ಬರುವ ತನಕ ಕೂತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ ಹೆಂಗಸರ ಮೈ ಹುಡುಕಿದ್ದಳು. ಅಂಗಡಿಗಳಲ್ಲಿ, ದೊಡ್ಡ ಮನೆಗಳ ಬಚ್ಚಲುಗಳಲ್ಲಿ, ಬಸ್ ನಿಲ್ದಾಣದ ಪಾಯಖಾನೆಯ ಹಿಂದೆ. ಕಂಕುಳಲ್ಲಿ ಕೈ ಹಾಕು, ಎದೆಯ ಕೆಳಗೆ ಕೈ ಹಾಕು, ತೊಡೆ ಸಂದಿ ನೋಡು. ಬಾಗಿಲ ಹೊರಗೆ ಗಂಡಸರು ನಿಂತು ಸಿಗರೇಟು ಸೇದುತ್ತಿದ್ದರು. “ಏನೂ ಇಲ್ಲ ಸಾರ್” ಎಂದು ಹೊರಗೆ ಬಂದರೆ, “ಸರಿಯಾಗಿ ನೋಡಿದ್ಯಾ?” ಅನ್ನುತ್ತಿದ್ದರು. ವಾಪಸು ಬರುವಾಗ ಜೀಪಿನಲ್ಲಿ ಜಾಗ ಇಲ್ಲದಿದ್ದರೆ ಹೆಣ್ಣುಕೈ ಬಸ್ಸಿಗೆ ಕಾಯುತ್ತಿತ್ತು.

ಯಾಕೆ ಸೇರಿದಳು ಅಂದರೆ, ಮಗಳಿಗಾಗಿ. ಶಾಲೆಯಿಂದ ಬರುವ ದಾರಿಯಲ್ಲಿ ಒಬ್ಬ ಗಂಡಸು ಹುಡುಗಿಯ ಬೆನ್ನು ಹತ್ತಿದ್ದ. ದಿನಾ. ತಾಯಿ ಠಾಣೆಗೆ ಹೋಗಿ ಬಾಗಿಲ ಬಳಿ ಅರ್ಧ ದಿನ ನಿಂತಳು. ಕೊನೆಗೆ ಒಬ್ಬ ತಲೆ ಎತ್ತಿ ಕೇಳಿದ, “ಮುಟ್ಟಿದ್ನಾ?”

“ಇಲ್ಲ ಸಾರ್. ಹಿಂದೆ ಹಿಂದೆ ಬರ್ತಾನೆ.”

“ಮುಟ್ಟಿದ ಮೇಲೆ ಬನ್ನಿ.”

ಅದೇ ಗೋಡೆಯ ಮೇಲೆ ಸ್ವಯಂಸೇವಕಿಯರು ಬೇಕು ಎಂಬ ಚೀಟಿ ಅಂಟಿಸಿದ್ದರು. ಹೊರಗೆ ನಿಂತವರ ಮಾತು ಇವರಿಗೆ ಕೇಳಿಸಲ್ಲ, ಒಳಗೆ ಹೋಗಿ ನಿಲ್ತೀನಿ ಅಂದುಕೊಂಡಳು. ಒಳಗೆ ಹೋದಳು. ಅಲ್ಲೂ ನಿಂತೇ ಇದ್ದಳು, ಆ ಮಾತು ಬೇರೆ. ಆದರೆ ಸಮವಸ್ತ್ರ ತೊಟ್ಟು ಒಂದು ಸಂಜೆ ಶಾಲೆಯ ದಾರಿಯಲ್ಲಿ ಮಗಳ ಜೊತೆ ನಡೆದಳು ನೋಡಿ, ಆ ಮನುಷ್ಯ ಮತ್ತೆ ಆ ಬೀದಿಗೆ ತಲೆ ಹಾಕಲಿಲ್ಲ. ಅಷ್ಟಕ್ಕೆ ಅವಳಿಗೆ ಆ ಬಟ್ಟೆಯ ಮೇಲೆ ನಂಬಿಕೆ ಬಂತು. ಬಟ್ಟೆ ಹೊಸದಲ್ಲ. ಎದೆಯ ಮೇಲೆ ಯಾರದೋ ಹೆಸರಿನ ಪಟ್ಟಿ ಬಿಚ್ಚಿದ ಸೂಜಿ ತೂತುಗಳು ಹಾಗೇ ಇದ್ದವು.

ಮನೆಯಲ್ಲಿ ಅತ್ತೆಯ ಬಾಯಿ ಕಟ್ಟುವವರಿಲ್ಲ. “ಬಂತು ನೋಡ್ರೋ ಅರ್ಧ ಪೊಲೀಸು! ಅರ್ಧ ಕಳ್ಳರು ಯಾರಾದ್ರೂ ಇದ್ರೆ ಮಂಚದ ಕೆಳಗೆ ಸೇರ್ಕೊಳ್ಳಿ” ಅನ್ನುತ್ತಿದ್ದಳು. ಸಾರು ಸೀದ ದಿನ, “ಮನೆಗೆ ಮಾರಿ, ಊರಿಗೆ ಉಪಕಾರಿ” ಅನ್ನುತ್ತಿದ್ದಳು. ಆದರೆ ಸೊಸೆ ಬರುವುದು ತಡವಾದರೆ ಬಾಗಿಲಲ್ಲಿ ಮೊದಲು ಕಾಣುತ್ತಿದ್ದುದು ಅದೇ ಮುದುಕಿಯ ತಲೆ.

ಗಂಡ ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದವನು. ಸಾರುವೆಯಿಂದ ಬಿದ್ದ ಮೇಲೆ ಬಲ ತೋಳು ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಅವನು ಎಡಗೈಯಲ್ಲಿ ಅವಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದ. “ನೀನು ದಿನವಿಡೀ ಊರಿನ ಹಾಸಿಗೆಗೆಲ್ಲ ಇಸ್ತ್ರಿ ಹಾಕಿ ಬಂದಿರ್ತೀಯ. ಇದೊಂದು ನನಗಿರಲಿ” ಅನ್ನುತ್ತಿದ್ದ. ಮಡಿಕೆ ಅಷ್ಟು ನೇರ ಬರುತ್ತಿರಲಿಲ್ಲ. ಅವಳು ಹಾಗೇ ತೊಟ್ಟು ಹೊರಡುತ್ತಿದ್ದಳು.

ಅವಳ ಹೊಟ್ಟೆಪಾಡು ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ. ಮೇಲಿನ ಕೋಣೆಗಳ ಹಾಸಿಗೆ ಹೊದಿಕೆಗಳೆಲ್ಲ ಕೊಳವೆಯಲ್ಲಿ ಕೆಳಗೆ ಬೀಳುತ್ತಿದ್ದವು. ಒಗೆದು ಹಿಂಡಿದ ಹೊದಿಕೆಯ ಎರಡು ತುದಿಗಳನ್ನು ಇಬ್ಬರು ಹೆಂಗಸರು ಹಿಡಿದು ಬಿಸಿ ರೋಲರಿನ ಬಾಯಿಗೆ ಕೊಡಬೇಕು. ರೋಲರು ಎಳೆದುಕೊಳ್ಳುತ್ತದೆ. ಕೈ ಬಿಡುವುದು ಒಂದು ಗಳಿಗೆ ತಡವಾದರೆ ಅದನ್ನೂ ಎಳೆದುಕೊಳ್ಳುತ್ತದೆ. ಅವಳ ಮುಂಗೈ ಸುತ್ತ ಸುಟ್ಟ ಗೆರೆಗಳಿದ್ದವು, ಒಂದು ಮಾಯುವುದರೊಳಗೆ ಇನ್ನೊಂದು. ಹಬೆ ಕುಡಿದು ಕುಡಿದು ಎದೆ ಗೊರಗೊರ ಅನ್ನುತ್ತಿತ್ತು. “ಹಬೆ ಬಿಡ್ತೀಯೋ, ಉಸಿರು ಬಿಡ್ತೀಯೋ, ನೀನೇ ನೋಡ್ಕೊ ತಾಯಿ” ಎಂದಿದ್ದ ಡಾಕ್ಟರು.

ಹಬೆ ಬಿಡಲು ಇದ್ದದ್ದು ಒಂದೇ ದಾರಿ. ಸ್ವಯಂಸೇವಕಿಯರಲ್ಲಿ ಕೆಲವರನ್ನು ಖಾಯಂ ಪೊಲೀಸರನ್ನಾಗಿ ತೆಗೆದುಕೊಳ್ಳುತ್ತಾರೆ. ಠಾಣೆಯ ಸಾಹೇಬ ಹೆಸರು ಕಳಿಸಬೇಕು. ವಯಸ್ಸಿನ ಮಿತಿ ಅವಳಿಗೆ ಈ ವರ್ಷಕ್ಕೆ ಮುಗಿಯುತ್ತದೆ. “ಈ ಸಲ ನಿನ್ನ ಹೆಸರೇ. ಒಳ್ಳೆ ಕೈ ನಿಂದು, ಗಲಾಟೆ ಇಲ್ಲ” ಎಂದು ಸಾಹೇಬ ಹೇಳಿದ್ದ. ಆ ಮಾತು ಕೇಳಿದ ದಿನ ಅತ್ತೆ ಕೂಡ ತಮಾಷೆ ಮಾಡಲಿಲ್ಲ. ಸೊಸೆಯ ತಟ್ಟೆಗೆ ತಾನೇ ಬಡಿಸಿದಳು.

ನೆಲಮಾಳಿಗೆಯ ಹೆಂಗಸರಿಗೂ ಇದು ಗೊತ್ತಿತ್ತು. ಪೊಲೀಸಮ್ಮ ಎಂದು ರೇಗಿಸುತ್ತಿದ್ದರು. ಠಾಣೆಯವರಿಗೆ ಮಾತ್ರ ಅವಳು ಹಗಲು ಎಲ್ಲಿ ದುಡಿಯುತ್ತಾಳೆ ಅನ್ನುವುದು ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ. ಹೋಟೆಲಿನ ಮ್ಯಾನೇಜರಿಗೆ ಅವಳು ‘ಮೂರನೇ ರೋಲರ್’. ಆತ ದಿನಕ್ಕೊಮ್ಮೆ ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡುತ್ತಿದ್ದ. ಅಲ್ಲಿಂದ ಕಾಣುವುದು ಬಗ್ಗಿದ ತಲೆಗಳು, ಬಿಳಿ ಬಟ್ಟೆ, ಹಬೆ.

ಅವತ್ತು ಅವಳಿಗೆ ವಾರದ ರಜೆ. ಬೆಳಿಗ್ಗೆಯೇ ಸಮವಸ್ತ್ರ ತೊಟ್ಟು ಠಾಣೆಯಲ್ಲಿದ್ದಳು. ಮಧ್ಯಾಹ್ನ ಸಾಹೇಬ ಒಳಗಿಂದ ಕೂಗಿದ, “ಹೆಣ್ಣುಕೈ ಎಲ್ಲಿ? ಜೀಪು ಹತ್ತು.”

ಎಲ್ಲಿಗೆ ಎಂದು ಕೇಳುವ ರೂಢಿ ಇರಲಿಲ್ಲ. ಜೀಪು ದೊಡ್ಡ ರಸ್ತೆ ಬಿಟ್ಟು ಹಿಂದಿನ ಗಲ್ಲಿಗೆ ತಿರುಗಿತು. ಕಸದ ಡಬ್ಬಿಗಳು. ಕಬ್ಬಿಣದ ಗೇಟು. ದಿನಾ ಬೆಳಿಗ್ಗೆ ತಾನೇ ತಳ್ಳಿಕೊಂಡು ಒಳಗೆ ಹೋಗುವ ಗೇಟು. ಅವಳು ಟೋಪಿಯನ್ನು ಹಣೆಯ ಮೇಲೆ ಇನ್ನಷ್ಟು ಎಳೆದುಕೊಂಡಳು.

ಕೆಳಗೆ ರೋಲರುಗಳನ್ನು ನಿಲ್ಲಿಸಿದ್ದರು. ಆ ನೆಲಮಾಳಿಗೆ ಅಷ್ಟು ಮೌನವಾಗಿದ್ದನ್ನು ಅವಳು ಕಂಡಿರಲಿಲ್ಲ. ಹೆಂಗಸರನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದ್ದರು. ಎಲ್ಲರೂ ಅವಳನ್ನು ನೋಡಿದರು. ಎಲ್ಲರೂ ತಕ್ಷಣ ನೆಲ ನೋಡಿದರು.

ಮ್ಯಾನೇಜರ್ ಇವತ್ತು ಮೆಟ್ಟಿಲು ಇಳಿದು ಬಂದಿದ್ದ. ಪಕ್ಕದಲ್ಲಿ ಕೋಣೆಗಳ ಉಸ್ತುವಾರಿಯ ಮೇಡಂ, ಮೂಗಿಗೆ ಕರವಸ್ತ್ರ.

“ಅತಿಥಿಯೊಬ್ಬರ ವಜ್ರದ ಓಲೆ” ಎಂದ ಮ್ಯಾನೇಜರ್. “ಹಾಸಿಗೆಯಲ್ಲಿ ಬಿಟ್ಟಿದ್ದರಂತೆ. ನಿನ್ನೆಯ ಬಟ್ಟೆ ಜೊತೆ ಕೆಳಗೆ ಬಂದಿರಬೇಕು. ದೂರು ಗೀರು ಬೇಡ ಸಾರ್, ಹೋಟೆಲಿನ ಹೆಸರು ಕೆಡುತ್ತೆ. ಸುಮ್ಮನೆ ಹುಡುಕಿಸಿಬಿಡಿ. ಪೂರ್ತಿ. ಒಳಗಿನ ಬಟ್ಟೆ ಸಮೇತ.”

“ಎಲ್ಲರೂ ಇದ್ದಾರಾ?” ಸಾಹೇಬ ಕೇಳಿದ.

“ಒಬ್ಬಳು ಇಲ್ಲ. ಮೂರನೇ ರೋಲರಿನವಳು, ಇವತ್ತು ರಜ. ನಿಜ ಹೇಳಬೇಕಂದ್ರೆ ಅವಳ ಮೇಲೇ ನನಗೆ ಅನುಮಾನ. ಮಾತಾಡಲ್ಲ, ತಲೆ ಎತ್ತಲ್ಲ. ಅಂಥವರೇ ಸಾರ್, ಗುಮ್ಮನಗುಸುಕರು.”

“ಅದಕ್ಕೇನು? ಇಲ್ಲಿ ಮುಗಿಸಿ ಅವಳ ಮನೆಗೂ ಹೋಗೋಣ. ಇದೇ ಹೆಣ್ಣುಕೈ ಇದೆಯಲ್ಲ.”

ಸಾಲಿನಲ್ಲಿ ಯಾರಿಗೋ ನಗು ಬಂತು. ಮೂಗಿನಿಂದ ಒಂದೇ ಒಂದು ಸದ್ದು. ಅದು ದೊಡ್ಡಕ್ಕ. ಮೂರನೇ ರೋಲರಿನ ಇನ್ನೊಂದು ತುದಿ ಹಿಡಿಯುವವಳು. ಎಂಟು ವರ್ಷ ಇಬ್ಬರೂ ಒಂದೇ ಹೊದಿಕೆಯ ಎರಡು ತುದಿ ಹಿಡಿದಿದ್ದರು. ಎಲ್ಲರಿಗಿಂತ ಹಿರಿಯಳು, ಎಲ್ಲರಿಗಿಂತ ಬಾಯಾಳಿ. ನಕ್ಕಾಗ ಸಾಲು ಹಲ್ಲು ಫಳಫಳ ಅನ್ನುತ್ತಿತ್ತು.

“ಏನು ನಗು? ಅವಳಿಂದಲೇ ಶುರು ಮಾಡು” ಎಂದ ಸಾಹೇಬ.

ಬಟ್ಟೆ ಸಾಗಿಸುವ ಎರಡು ತಳ್ಳುಗಾಡಿಗಳ ನಡುವೆ ಒಂದು ಹೊದಿಕೆ ಕಟ್ಟಿ ಪರದೆ ಮಾಡಿದ್ದರು. ಇಬ್ಬರೂ ಅದರ ಹಿಂದೆ ಹೋದರು.

ಅವಳು ಕರೆದಳು, “ದೊಡ್ಡಕ್ಕಾ...”

“ಶ್! ಮಾಡು” ಎಂದಳು ದೊಡ್ಡಕ್ಕ ಪಿಸುಮಾತಿನಲ್ಲಿ. ತಾನೇ ಗುಂಡಿ ಬಿಚ್ಚಿದಳು. “ನಾನು ಹೇಳ್ತೀನಿ ಅಂದ್ಕೊಂಡ್ಯಾ? ಹುಚ್ಚಿ. ನಾವ್ಯಾರೂ ಬಾಯಿ ಬಿಡಲ್ಲ. ನಿನಗೆ ಆ ಕೆಲಸ ಸಿಕ್ಕರೆ ಒಬ್ಬಳಾದ್ರೂ ಈ ಗುಂಡಿಯಿಂದ ಮೇಲೆ ಹತ್ತಿದ ಹಾಗಾಯ್ತು. ಮಾಡು, ಬೇಗ ಮಾಡು.”

ಅವಳು ಮಾಡಿದಳು. ಕೈ ತನ್ನ ಪಾಡಿಗೆ ತಾನು ಹೋಯಿತು. ಕಂಕುಳು, ಬೆನ್ನು, ಜೋತ ಎದೆಯ ಕೆಳಗೆ ಬೆವರುಸಾಲೆಯ ಗುಳ್ಳೆಗಳು. ಹೊಟ್ಟೆಯ ಮೇಲೆ ಉದ್ದಕ್ಕೆ ಹೊಲಿದ ಕಲೆ. ಎಂಟು ವರ್ಷ ಎದುರು ನಿಂತು ದುಡಿದವಳ ಮೈಯಲ್ಲಿ ಆ ಕಲೆ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ.

“ಕಚಗುಳಿ ಆಗುತ್ತೆ ಕಣೇ” ಎಂದಳು ದೊಡ್ಡಕ್ಕ.

“ಏನೂ ಇಲ್ಲ ಸಾರ್” ಎಂದು ಅವಳು ಪರದೆಯ ಒಳಗಿಂದಲೇ ಕೂಗಿದಳು.

“ಕೂದಲು ನೋಡಿದ್ಯಾ?”

“ನೋಡಿದೆ ಸಾರ್.”

“ಬಾಯಿ?” ಅದು ಮ್ಯಾನೇಜರನ ದನಿ. “ಬಾಯಲ್ಲಿ ಇಟ್ಕೋತಾರೆ ಇವರು. ಅವಳು ಹಲ್ಲಿನ ಸೆಟ್ ಹಾಕ್ಕೊಂಡಿದ್ದಾಳೆ, ನಮ್ಮ ಮೇಡಂಗೆ ಗೊತ್ತು. ತೆಗೆಸಿ ನೋಡಿ.”

ದೊಡ್ಡಕ್ಕನ ಮುಖದಲ್ಲಿದ್ದ ನಗು ನಿಂತುಹೋಯಿತು.

ಆ ಹಲ್ಲು ಕಟ್ಟಿಸಿದ್ದು ಎಂಬುದು ಕೆಳಗೆ ಯಾರಿಗೂ ಗೊತ್ತಿರಲಿಲ್ಲ. ಅವಳು ಊಟದ ಹೊತ್ತಿಗೆ ಮೂಲೆಗೆ ಮುಖ ಮಾಡಿ ಕೂರುತ್ತಿದ್ದಳು. ಬಾಯಾಳಿಗೆ ಊಟದ ಹೊತ್ತಲ್ಲಾದರೂ ಬಾಯಿ ಮುಚ್ಚಲಿ ಎಂದು ಉಳಿದವರು ನಗುತ್ತಿದ್ದರು.

“ತೆಗೆಸಿದ್ಯಾ?” ಸಾಹೇಬ ಕೂಗಿದ.

ದೊಡ್ಡಕ್ಕ ಎರಡು ಬೆರಳು ಬಾಯಿಗೆ ಹಾಕಿ ಎಳೆದಳು. ಹಲ್ಲಿನ ಸಾಲು ಅಂಗೈಗೆ ಬಂತು, ಎಂಜಲು ನೂಲಿನ ಹಾಗೆ ಜೊತೆಗೇ ಬಂತು. ಕೆನ್ನೆ ಎರಡೂ ಒಳಗೆ ಬಿದ್ದವು. ಆ ಮುಖ ಇನ್ಯಾರದೋ ಮುದುಕಿಯದಾಯಿತು. ಏನೋ ತಮಾಷೆ ಮಾಡಲು ಹೋದಳು. ತುಟಿಗೆ ಆಸರೆ ಕೊಡಲು ಒಳಗೆ ಏನೂ ಇರಲಿಲ್ಲ. ಫುಸ್ ಅಂದ ಗಾಳಿಯಷ್ಟೇ ಬಂತು. ಆಗ ಅವಳು ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡಳು. ಮೈ ಬತ್ತಲೆಯಾಗಿದ್ದರೂ ಮುಚ್ಚಿಕೊಂಡದ್ದು ಬಾಯಿಯನ್ನು.

“ನೋಡಿದ್ಯಾ ಇಲ್ವಾ?” ಮತ್ತೆ ಕೂಗು.

ಅವಳು ದೊಡ್ಡಕ್ಕನ ಅಂಗಿ ಎತ್ತಿ ಹೆಗಲ ಮೇಲೆ ಹಾಕಿದಳು. ಗುಂಡಿ ಹಾಕಿದಳು, ಒಂದೊಂದಾಗಿ. ಅಂಗೈಯಲ್ಲಿದ್ದ ಹಲ್ಲನ್ನು ತನ್ನ ಕರವಸ್ತ್ರದಲ್ಲಿ ಒರೆಸಿ ಕೊಟ್ಟಳು. “ಹಾಕ್ಕೊ” ಎಂದಳು. ಹಾಕಿಕೊಳ್ಳುವ ತನಕ ಬೆನ್ನು ತಿರುಗಿಸಿ ನಿಂತಳು.

ಆಮೇಲೆ ಪರದೆ ಸರಿಸಿ ಹೊರಗೆ ಬಂದಳು. ಟೋಪಿ ತೆಗೆದಳು. ನೆಟ್ಟಗೆ ಸಾಲಿನ ಹತ್ತಿರ ಹೋಗಿ ದೊಡ್ಡಕ್ಕ ಬಿಟ್ಟು ಹೋದ ಜಾಗದ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಳು.

“ಏಯ್, ಇದೇನಿದು?” ಎಂದ ಸಾಹೇಬ.

“ಮೂರನೇ ರೋಲರ್ ಸಾರ್.”

“ಏನು?”

“ಮೂರನೇ ರೋಲರಿನವಳು ನಾನೇ. ನಿನ್ನೆ ಆ ಬಟ್ಟೆ ಹಿಡಿದದ್ದು ಈ ಕೈಯೇ. ಮ್ಯಾನೇಜರ್ ಸಾರ್‌ಗೆ ನನ್ನ ಮೇಲೇ ಅನುಮಾನ. ನನ್ನ ಮೈಯನ್ನೇ ಹುಡುಕಬೇಕು.”

ಮ್ಯಾನೇಜರ್ ಎರಡು ಹೆಜ್ಜೆ ಹತ್ತಿರ ಬಂದ. ಎಂಟು ವರ್ಷದಲ್ಲಿ ಮೊದಲ ಸಲ ಅವಳ ಮುಖ ನೋಡಿದ. ಗುರುತು ಹತ್ತಲಿಲ್ಲ. ಕೊನೆಗೆ ಅವಳ ಮುಂಗೈ ನೋಡಿದ. “ಹೌದು ಸಾರ್. ನಮ್ಮವಳೇ ಇರಬೇಕು” ಎಂದ.

ಸಾಹೇಬನ ಕಿವಿ ಕೆಂಪಾಯಿತು. ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದ, “ನಾಟಕ ಬೇಡ. ನನಗೆ ಗೊತ್ತಿರಲಿಲ್ಲ, ನೀನು ಹೇಳಲಿಲ್ಲ, ಮುಗೀತು. ಸುಮ್ಮನೆ ಉಳಿದವರನ್ನ ನೋಡಿ ಮುಗಿಸು. ನಿನ್ನ ಮನೆ ಹುಡುಕಲ್ಲ, ಆಯ್ತಾ? ಹೆಸರು ನಾಳೆ ಕಳಿಸ್ತಿದ್ದೀನಿ ನಾನು.”

ಅವಳಿಗೆ ಎದೆ ಗೊರಗೊರ ಅಂದಿತು. ಎಡಗೈಯಲ್ಲಿ ಇಸ್ತ್ರಿ ತಿಕ್ಕುವ ಗಂಡ ನೆನಪಾದ. ನಾಳೆ. ಒಂದೇ ರಾತ್ರಿ ದಾಟಿದರೆ ಸಾಕು. ಇನ್ನು ಹತ್ತು ಹೆಂಗಸರು, ಇನ್ನು ಒಂದು ಗಂಟೆ. ಈ ಕೈ ಇಷ್ಟು ವರ್ಷ ಮಾಡಿದ್ದೇ ಅಲ್ಲವೇ?

“ನಾನು ಮುಟ್ಟಲ್ಲ ಸಾರ್” ಎಂದಳು.

“ಏನಂದೆ?”

“ಇವರನ್ನ ನಾನು ಮುಟ್ಟಲ್ಲ. ನೀವು ಮುಟ್ಟೋ ಹಾಗಿಲ್ಲ.”

ಸಾಹೇಬ ಅವಳ ತೋಳಿಗೆ ಕೈ ಚಾಚಿದ. ಸಾಲಿನ ಹೆಂಗಸರೆಲ್ಲ ಆ ಕೈಯನ್ನೇ ನೋಡಿದರು. ಅದು ಗಾಳಿಯಲ್ಲಿ ಅರ್ಧಕ್ಕೆ ನಿಂತು, ಏನೂ ತೋಚದೆ ತನ್ನದೇ ಬೆಲ್ಟು ಸರಿಮಾಡಿಕೊಂಡಿತು.

“ಮೇಡಂ” ಎಂದು ಅವನು ಕರವಸ್ತ್ರದವಳ ಕಡೆ ತಿರುಗಿದ. “ನೀವು ಹೆಂಗಸರಲ್ವಾ, ನೀವೇ ಸ್ವಲ್ಪ—”

“ನಾನಾ? ಇವರನ್ನ ಮುಟ್ಟೋದಾ?” ಮೇಡಂ ಎರಡು ಹೆಜ್ಜೆ ಹಿಂದಕ್ಕೆ ಹೋದಳು. “ನಾಳೆ ನಾನು ಊಟ ಮಾಡೋದು ಬೇಡ್ವಾ?”

ಸಾಹೇಬ ವೈರ್‌ಲೆಸ್ ಎತ್ತಿದ. “ಇನ್ನೊಂದು ಹೆಣ್ಣುಕೈ ಕಳಿಸಿ. ಬೇಗ.”

ಕಾದರು. ಕೂರಬೇಡಿ ಎಂದು ಮ್ಯಾನೇಜರ್ ಸಾಲಿನವರಿಗೆ ಕೂಗಿದ. ಕೂರಲಿಲ್ಲ. ಕೊನೆಗೆ ಬಂದವಳು ಟಿಕೆಟಿನವಳು. ಚಿತ್ರಮಂದಿರದ ಕೌಂಟರಿನಲ್ಲಿ ಟಿಕೆಟ್ ಹರಿದು ಕೊಡುವವಳು, ಇವಳ ಜೊತೆಗೇ ಸೇರಿದ ಸ್ವಯಂಸೇವಕಿ. ಇಬ್ಬರೂ ಒಂದೇ ಲೋಟದ ಚಹಾ ಹಂಚಿಕೊಂಡು ಕುಡಿದವರು. ಅವಳು ಗೋಡೆಗೆ ನಿಂತವಳನ್ನು ನೋಡಿದಳು, ಸಾಹೇಬನನ್ನು ನೋಡಿದಳು. “ಯಾರನ್ನ ಹುಡುಕಬೇಕು ಸಾರ್?”

“ಮೊದಲು ಅವಳನ್ನ. ನಮ್ಮ ಹಾಗೆ ಬಟ್ಟೆ ಹಾಕ್ಕೊಂಡಿದ್ದಾಳಲ್ಲ, ಅವಳನ್ನ.”

ಟಿಕೆಟಿನವಳು ಪರದೆಯ ಕಡೆ ಕೈ ತೋರಿದಳು. ಕಣ್ಣೆತ್ತಲಿಲ್ಲ.

“ಪರದೆ ಬೇಡ” ಎಂದಳು ಅವಳು. ಗೋಡೆಯಿಂದ ಒಂದು ಹೆಜ್ಜೆ ಮುಂದೆ ಬಂದು, ದೀಪದ ಕೆಳಗೆ ನಿಂತು, ಸಮವಸ್ತ್ರದ ಗುಂಡಿ ಬಿಚ್ಚತೊಡಗಿದಳು.

“ಏಯ್! ಒಳಗೆ ಹೋಗು!”

“ಒಳಗೆ ತುಂಬ ವರ್ಷ ಹೋದೆ ಸಾರ್. ಪರದೆ ಹಿಂದೆ ಏನಾಗುತ್ತೆ ಅಂತ ನೀವು ಒಂದಿನವೂ ನೋಡಿಲ್ಲ. ಸರಿಯಾಗಿ ಹುಡುಕಿದ್ಯಾ ಅಂತ ಕೇಳ್ತಿದ್ರಿ. ಇವತ್ತು ನೋಡಿ.”

ಅಂಗಿ ಬಿಚ್ಚಿ ನೆಲಕ್ಕೆ ಬಿಟ್ಟಳು. ಷರಾಯಿ ಬಿಚ್ಚಿದಳು. ಬೂಟು ಕಳಚಿದಳು. ಒಗೆದು ಒಗೆದು ತೆಳ್ಳಗಾದ ಒಳಅಂಗಿಯಲ್ಲಿ, ಮಂಡಿ ಕಾಣುತ್ತ, ನಿಂತಳು. ಮೈ ಚಳಿಗೆ ಮುಳ್ಳೆದ್ದಿತ್ತು. ಸಾಹೇಬ ಮುಖ ತಿರುಗಿಸಿದ. ಮ್ಯಾನೇಜರ್ ಗೋಡೆಯ ಕಡೆ ತಿರುಗಿ ನಿಂತ. ಮೇಡಂನ ಕರವಸ್ತ್ರ ಕಣ್ಣಿಗೇರಿತು.

“ಮಾಡು” ಎಂದಳು ಟಿಕೆಟಿನವಳಿಗೆ.

ಟಿಕೆಟಿನವಳ ಕೈ ಮೈಗೆ ತಾಕಿತು. ತಣ್ಣನೆಯ, ಬೆವೆತ ಕೈ. ಕಂಕುಳ ಕೆಳಗೆ ಬಂತು, ಎದೆಯ ಕೆಳಗೆ ಬಂತು. ಒರಟಾಗಿರಲಿಲ್ಲ. ಮೆತ್ತಗೇ ಇತ್ತು. ಆದರೂ ಮೈ ತಾನಾಗಿ ಹಿಂದಕ್ಕೆ ಸರಿಯಿತು. ಮೆತ್ತಗೆ ಮುಟ್ಟಿದರೆ ಏನೂ ಅನಿಸಲ್ಲ ಎಂದು ಇಷ್ಟು ವರ್ಷ ನಂಬಿದ್ದಳು. ಬಸ್ ನಿಲ್ದಾಣದಲ್ಲಿ ಒಬ್ಬಳು ಕಣ್ಣು ಮುಚ್ಚಿ ಹಲ್ಲು ಕಡಿದು ನಿಂತಿದ್ದಳಲ್ಲ, ಅವಳಿಗೆ ಸೊಕ್ಕು ಅಂದುಕೊಂಡಿದ್ದಳು. ಈಗ ತನ್ನ ಹಲ್ಲೂ ಕಡಿದುಕೊಂಡಿತ್ತು.

“ಬಾಯಿ ನೋಡು” ಎಂದು ತಾನೇ ಹೇಳಿ ಬಾಯಿ ತೆರೆದಳು.

ಟಿಕೆಟಿನವಳು ನೋಡಲಿಲ್ಲ. “ಏನೂ ಇಲ್ಲ ಸಾರ್” ಎಂದಳು. ಅವಳ ಮೂಗು ಸೋರುತ್ತಿತ್ತು.

“ಮುಂದಿನವಳು” ಎಂದ ಸಾಹೇಬ, ಗೋಡೆಗೆ. ಬಗ್ಗಿ ನೋಡದೆಯೇ ನೆಲದ ಮೇಲಿನ ಸಮವಸ್ತ್ರವನ್ನು ಕಾಲಿನಿಂದ ತನ್ನ ಕಡೆ ಎಳೆದುಕೊಂಡ. “ಇದು ಇಲಾಖೆಯ ಬಟ್ಟೆ. ನೀನು ಇನ್ನು ಬರೋದು ಬೇಡ.”

“ಇಲ್ಲಿಗೂ ಬೇಡ” ಎಂದ ಮ್ಯಾನೇಜರ್.

ಹಾಗೆ ಎರಡೂ ಕೆಲಸ ಹೋದವು. ಮನೆಯಲ್ಲಿ ಇದನ್ನು ಯಾವ ಬಾಯಿಂದ ಹೇಳುವುದು ಎಂದು ಅವಳಿಗೆ ತಿಳಿಯಲಿಲ್ಲ. ಮನೆಯ ತನಕ ಯಾವ ಬಟ್ಟೆಯಲ್ಲಿ ಹೋಗುವುದು ಎಂಬುದೂ ತಿಳಿಯಲಿಲ್ಲ. ಎರಡು ಕೈಗಳಿಂದ ಎದೆ ಮುಚ್ಚಿಕೊಂಡು ನಿಂತಳು.

ಆಗ, ಅಷ್ಟು ಹೊತ್ತೂ ಪರದೆಯ ಹಿಂದೆಯೇ ಉಳಿದಿದ್ದ ದೊಡ್ಡಕ್ಕ ಹೊರಗೆ ಬಂದಳು. ಬಾಯಿ ತುಂಬ ಹಲ್ಲಿತ್ತು. ಮೇಲೆ ಹೋಗಲು ಮಡಿಸಿಟ್ಟ ರಾಶಿಯಿಂದ ಒಂದು ಹೊದಿಕೆ ಎಳೆದಳು. ಹೋಟೆಲಿನ ಗುರುತಿದ್ದ, ಎಲ್ಲಕ್ಕಿಂತ ದೊಡ್ಡ ಕೋಣೆಯ, ಎಲ್ಲಕ್ಕಿಂತ ಬಿಳಿಯ ಹೊದಿಕೆ. ಅದನ್ನು ಝಾಡಿಸಿ ಬಿಡಿಸಿ ಅವಳಿಗೆ ಭುಜದಿಂದ ಪಾದದ ತನಕ ಸುತ್ತಿದಳು. ತುದಿಯನ್ನು ಕತ್ತಿನ ಬಳಿ ಗಂಟು ಹಾಕಿದಳು.

“ಏಯ್, ಅದು ಹೋಟೆಲಿಂದು!” ಮ್ಯಾನೇಜರ್ ತಿರುಗಿದ.

“ಗೊತ್ತು” ಎಂದಳು ದೊಡ್ಡಕ್ಕ. “ಈಗ ಕಳ್ಳತನ ಆಯ್ತು ಸಾರ್. ಮಧ್ಯಾಹ್ನದಿಂದ ಹುಡುಕ್ತಿದ್ರಲ್ಲ, ಸಿಕ್ತು. ಬರ್ಕೊಳ್ಳಿ. ಕದ್ದವಳು ನಾನು, ಹೊತ್ಕೊಂಡು ಹೋಗೋಳು ಇವಳು.”

ಇನ್ನೊಬ್ಬಳು ರಾಶಿಯಿಂದ ಇನ್ನೊಂದು ಎಳೆದು ತನ್ನ ಹೆಗಲಿಗೆ ಹಾಕಿಕೊಂಡಳು. ಮತ್ತೊಬ್ಬಳು. ಕೆಲವರು ಎಳೆಯಲಿಲ್ಲ, ಗೋಡೆಗೇ ಅಂಟಿ ನಿಂತರು. ಅವರ ಮನೆಯಲ್ಲೂ ಒಲೆ ಉರಿಯಬೇಕಿತ್ತು.

“ಹಿಡಿ ಅವರನ್ನ!” ಸಾಹೇಬ ಟಿಕೆಟಿನವಳಿಗೆ ಕೂಗಿದ. “ಏನು ನೋಡ್ತಿದ್ದೀಯ, ಹಿಡಿ!”

ಟಿಕೆಟಿನವಳು ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು. “ಸಾರ್, ಸಂಜೆ ಆಟಕ್ಕೆ ಕೌಂಟರ್ ತೆಗೀಬೇಕು” ಎಂದಳು. “ಹೊತ್ತಾಯ್ತು.”

ಹೊದಿಕೆ ಹೊತ್ತ ಹೆಂಗಸರು ಮೆಟ್ಟಿಲಿನ ಕಡೆ ನಡೆದರು. ಗಂಡಸರು ಇಬ್ಬರೂ ಮೈ ತಾಗದ ಹಾಗೆ ದಾರಿ ಬಿಟ್ಟರು. ನಿಂತುಹೋದ ರೋಲರಿನ ಪಕ್ಕ ಹಾಯುವಾಗ ಅವಳು ಎಡವಿದಳು. ಬರಿಗಾಲಿಗೆ ಹೊದಿಕೆಯ ಅಂಚು ಸಿಕ್ಕಿತ್ತು. ದೊಡ್ಡಕ್ಕ ಬಗ್ಗಿ ಒಂದು ತುದಿ ಎತ್ತಿ ಹಿಡಿದಳು. ಇನ್ನೊಂದನ್ನು ಅವಳು ಹಿಡಿದಳು. ಹಾಗೇ ಮೆಟ್ಟಿಲು ಹತ್ತಿದರು.